ಹೊಲಿಯದ ಮೂಲೆ

ಅಕ್ಟೋಬರ್ 6, ಸೋಮವಾರ

ಊರಿಗೆಲ್ಲ ಹಾಸಿಗೆ ಮಾಡಿ ಕೊಡುವವನಿಗೇ ಬೆನ್ನು ಹೋಯಿತು. ಯಾರಿಗೆ ಹೇಳಿದರೂ ಮೊದಲು ನಗು ತಡೆದುಕೊಳ್ಳುತ್ತಾರೆ, ಆಮೇಲೆ "ಅಯ್ಯೋ ಪಾಪ" ಅನ್ನುತ್ತಾರೆ. ನನ್ನ ಗಂಡ ಹತ್ತಿಯ ಮೂಟೆ ಎತ್ತಲು ಹೋಗಿ ಹಾಗೇ ಕುಸಿದರು. ಈಗ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಾರೆ. ಅವರು ಎದ್ದು ಬರುವವರೆಗೆ ಅಂಗಡಿ ನೋಡಿಕೊಳ್ಳುವವರು ಇಬ್ಬರು, ನಾನು ಮತ್ತು ನನ್ನ ಅತ್ತೆ. ಅತ್ತೆ ಇರುವಾಗ ಅಂಗಡಿ ಹಾಳಾಗಲು ಬೇರೆ ಶತ್ರು ಬೇಕಾಗಿಲ್ಲ.

ಈ ಡೈರಿ ಎದುರು ಅಂಗಡಿಯವನು ಜನವರಿಯಲ್ಲಿ ಬೀದಿಗೆಲ್ಲ ಪುಕ್ಕಟೆ ಹಂಚಿದ್ದು. ಇಷ್ಟು ದಿನ ಖಾಲಿ ಬಿದ್ದಿತ್ತು. ಪ್ರತಿ ಪುಟದ ತಲೆಯ ಮೇಲೂ ಅವನ ಫೋಟೋ, ಮೂವತ್ತೆರಡೂ ಹಲ್ಲು ತೋರಿಸಿಕೊಂಡು. ಅವನಿಗೆ ನಾನಿಟ್ಟ ಹೆಸರು ನಗುಮುಖ. ಅವನೂ ಹಾಸಿಗೆಯವನೇ. ಮಸೀದಿಯಲ್ಲಿ ಮೊದಲ ಸಾಲು ಬಿಟ್ಟು ನಿಂತವನಲ್ಲ. ಕಾಗದ ಮಾತ್ರ ಒಳ್ಳೆಯದು ಹಾಕಿಸಿದ್ದಾನೆ, ಪೆನ್ನು ಜಾರಿಕೊಂಡು ಹೋಗುತ್ತೆ. ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆದು ಹಾಕುತ್ತೇನೆ. ಅವನು ಹಲ್ಲು ಕಿರಿದುಕೊಂಡೇ ಓದಲಿ.

ಅಕ್ಟೋಬರ್ 8

ಇವತ್ತು ನನ್ನ ಕಣ್ಣಾರೆ ಕಂಡೆ. ಗಂಡ ಹೇಳುತ್ತಿದ್ದಾಗ ತಮಾಷೆ ಅಂದುಕೊಂಡಿದ್ದೆ.

ನಮ್ಮ ಅಂಗಡಿಯಲ್ಲಿ ಯಾವ ಹಾಸಿಗೆಯನ್ನೂ ಪೂರ್ತಿ ಹೊಲಿಯುವುದಿಲ್ಲ. ಮೂರು ಮೂಲೆ ಹೊಲಿದು, ನಾಲ್ಕನೆಯದನ್ನು ಒಂದು ಕೈ ಹೋಗುವಷ್ಟು ಬಿಟ್ಟಿರುತ್ತಾರೆ. ಕೊಳ್ಳುವವರು ಬಂದಾಗ ಅತ್ತೆ ಹೇಳುತ್ತಾರೆ: "ಕೈ ಹಾಕಿ ನೋಡಿ." ಅವರು ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಚಿಟಿಕೆ ಹತ್ತಿ ಎಳೆದು ನೋಡಬೇಕು. ಆಮೇಲೆ ಅವರ ಎದುರಿಗೇ ಅತ್ತೆ ದಬ್ಬಳ ತೆಗೆದುಕೊಂಡು ಆ ಮೂಲೆ ಹೊಲಿಯುತ್ತಾರೆ. ಸತ್ತುಹೋದ ಮಾವ ಮಾಡಿಟ್ಟ ಕ್ರಮವಂತೆ. ಮಾವ ಹೋದರು, ಮೂಲೆ ಉಳಿಯಿತು.

ಇವತ್ತು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಹುಡುಗಿಗೆ ಒಂದು ಹಾಸಿಗೆ ಹಿಡಿಸಿತು. ಕುಳಿತು ನೋಡಿದಳು, ಗವುಸಿನ ಹೂವನ್ನು ಸವರಿದಳು. ನಾನು ಸುತ್ತಿ ಕಟ್ಟಲು ಹಗ್ಗ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಅಂಗಡಿಯ ಮೂಲೆಯಿಂದ ಅತ್ತೆ: "ತಾಯಿ, ಅದರೊಳಗೆ ಕಾಲು ಭಾಗ ಹಳೇ ಹತ್ತಿ ಇದೆ. ತೊಳೆದು ಹಿಂಜಿದ್ದು, ತೊಂದರೆ ಇಲ್ಲ. ಆದರೆ ಹೊಸದಲ್ಲ. ಕೈ ಹಾಕಿ ನೋಡಮ್ಮ."

ಹುಡುಗಿ ಕೈ ಹಾಕಲಿಲ್ಲ. ಹಳೇದು ಅನ್ನುವ ಮಾತು ಕೇಳಿದ ಕೂಡಲೇ ಇನ್ನೊಬ್ಬರ ಬೆವರು ಮೈಗೆ ಮೆತ್ತಿದ ಹಾಗೆ ಮುಖ ಮಾಡಿದಳು. ಗಂಡನ ತೋಳು ಎಳೆದುಕೊಂಡು ನೇರ ನಗುಮುಖನ ಅಂಗಡಿಗೆ ಹೋದಳು. ಅವನು ಪ್ಲಾಸ್ಟಿಕ್ ಹೊದಿಸಿ ಸೀಲು ಮಾಡಿದ ಹಾಸಿಗೆ ಮಾರುತ್ತಾನೆ. ಒಳಗೆ ಹತ್ತಿಯಿದೆಯೋ ಹರಕು ಚಿಂದಿಯಿದೆಯೋ ದೇವರೇ ಬಲ್ಲ.

"ಕೇಳದೇ ಇದ್ದದ್ದನ್ನು ಯಾಕೆ ಹೇಳೋಕೆ ಹೋದಿರಿ ಅತ್ತೆ?"

"ಕೇಳದೇ ಇರೋದನ್ನೇ ಹೇಳಬೇಕಾದ್ದು ಮಗಳೇ. ಕೇಳಿದ್ದಕ್ಕೆ ಎಲ್ಲರೂ ಹೇಳ್ತಾರೆ."

ಮೈಯೆಲ್ಲ ಉರಿದುಹೋಯಿತು. ನನ್ನ ತವರಿನಲ್ಲಿ ಬಟ್ಟೆ ಅಂಗಡಿ. ನನ್ನಣ್ಣ ಬಣ್ಣ ಬಿಡುವ ಬಟ್ಟೆಯನ್ನು ಯಾವ ದೀಪದ ಕೆಳಗೆ ಇಡಬೇಕು, ಯಾವ ಮಡಿಕೆ ಮೇಲೆ ಬರಬೇಕು ಅನ್ನುವುದರಲ್ಲಿ ಎತ್ತಿದ ಕೈ. ಅಂಥ ಮನೆಯಿಂದ ಬಂದವಳು ನಾನು ಈ ಮುದುಕಿಯ ಪಕ್ಕ ಕೂತು ಗಿರಾಕಿಗಳನ್ನು ಬೀಳ್ಕೊಡುತ್ತಿದ್ದೇನೆ.

ಅಕ್ಟೋಬರ್ 12

ಅತ್ತೆಯನ್ನು ಕೇಳಿಯೇ ಬಿಟ್ಟೆ, ಈ ಮೂಲೆಯ ಪುರಾಣ ಏನು ಅಂತ.

ಪ್ರವಾದಿಯವರು ಒಂದು ಸಲ ಸಂತೆಯಲ್ಲಿ ಹೋಗುತ್ತಿದ್ದಾಗ ಒಬ್ಬ ಧಾನ್ಯದ ರಾಶಿ ಹಾಕಿಕೊಂಡು ಕೂತಿದ್ದನಂತೆ. ಅವರು ರಾಶಿಯ ಒಳಗೆ ಕೈ ಹಾಕಿದರಂತೆ. ಬೆರಳಿಗೆ ಒದ್ದೆ ತಗುಲಿತು. ಏನಿದು ಅಂದರೆ, ಮಳೆಗೆ ನೆನೆಯಿತು ಅಂದನಂತೆ. ಹಾಗಿದ್ದರೆ ನೆನೆದದ್ದನ್ನು ಜನಕ್ಕೆ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ, ಮೋಸ ಮಾಡಿದವನು ನಮ್ಮವನಲ್ಲ ಅಂದರಂತೆ.

ಇದು ನಾನು ಚಿಕ್ಕಂದಿನಲ್ಲೇ ಕೇಳಿದ ಕಥೆ. ಯಾರು ಕೇಳಿಲ್ಲ? ನನ್ನಣ್ಣನೂ ಕೇಳಿದ್ದಾನೆ, ನಗುಮುಖನಂತೂ ಎದ್ದು ನಿಂತು ಬೇರೆಯವರಿಗೇ ಹೇಳುತ್ತಾನೆ. ಕೇಳಿ ತಲೆದೂಗಬೇಕು, ಮನೆಗೆ ಹೋಗಬೇಕು. ಅದಕ್ಕೋಸ್ಕರ ಹಾಸಿಗೆಗೆ ತೂತು ಬಿಡುವವರನ್ನು ಎಲ್ಲಿಯೂ ಕಂಡಿಲ್ಲ.

"ನಿಮ್ಮ ಮಾವ ಹೇಳೋರು," ಅಂದರು ಅತ್ತೆ ದಾರ ಪೋಣಿಸುತ್ತ, "ನಮಾಜಿಗೆ ನಿಲ್ಲೋದು ಐದು ಹೊತ್ತು, ಅಂಗಡೀಲಿ ಕೂರೋದು ದಿನಪೂರ್ತಿ. ಅಲ್ಲಾಹನ ಎದುರಿಗೆ ಜಾಸ್ತಿ ಹೊತ್ತು ಎಲ್ಲಿದ್ದೀವಿ ನೋಡು ಅಂತ."

ಹೇಳಿ ಏನೋ ದೊಡ್ಡದನ್ನು ಗೆದ್ದವರ ಹಾಗೆ ದಾರದ ತುದಿ ಹೊಸೆದರು. ದಾರ ಮಾತ್ರ ಸೂಜಿಗೆ ಹೋಗಲಿಲ್ಲ. ಕಣ್ಣು ಮಂಜಾಗಿದೆ, ಕನ್ನಡಕ ಹಾಕಿಕೊಳ್ಳಲ್ಲ ಅಂತ ಹಟ. ನಾನೇ ಕಿತ್ತುಕೊಂಡು ಪೋಣಿಸಿ ಕೊಟ್ಟೆ.

ಅಕ್ಟೋಬರ್ 17

ಮಳಿಗೆಯ ಯಜಮಾನ ಬಂದಿದ್ದ. ನವೆಂಬರ್ ಮುಗಿಯುವುದರೊಳಗೆ ಬಾಡಿಗೆಯ ಹೊಸ ಕರಾರು ಆಗಬೇಕು, ಮುಂಗಡ ಹೆಚ್ಚು ಕೊಡಬೇಕು. ಇಲ್ಲದಿದ್ದರೆ ಬೀದಿಗೆ ಮುಖ ಮಾಡಿದ ಮುಂಭಾಗ ನಗುಮುಖನಿಗೆ, ಹಿಂದಿನ ಕೋಣೆ ನಮಗೆ. "ನಿಮಗೆ ಬೇಜಾರಾಗಬಾರದು ನೋಡಿ" ಅಂದ. ಬೇಜಾರಂತೆ! ಹಿಂದಿನ ಕೋಣೆಯ ಬಾಗಿಲು ಕಸದ ಡಬ್ಬಿ ಇಡುವ ಓಣಿಗೆ ತೆರೆಯುತ್ತೆ. ಹಾಸಿಗೆ ಕೊಳ್ಳಲು ಬೆಕ್ಕುಗಳು ಬರಬೇಕು ಅಷ್ಟೆ.

ಗಂಡನಿಗೆ ಹೇಳಿಲ್ಲ. ಆಸ್ಪತ್ರೆಯ ಗೋಡೆ ನೋಡುತ್ತ ಮಲಗಿರುವವರಿಗೆ ಏನಂತ ಹೇಳುವುದು?

ಅಕ್ಟೋಬರ್ 23

ದೇವರು ಕಣ್ಣು ಬಿಟ್ಟ!

ಒಬ್ಬ ಬಂದಿದ್ದ. ಅವನು ಬರುವ ಮೊದಲೇ ಅವನ ಸೆಂಟು ಒಳಗೆ ಬಂತು. ಊರ ಹೊರಗಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ವಸತಿಗೆ ಇವನೇ ಮೇಲ್ವಿಚಾರಕ. ಅಲ್ಲಿಯ ಎಲ್ಲ ಮಂಚಕ್ಕೂ ಹಾಸಿಗೆ ಬೇಕು. ನಲವತ್ತು! ನವೆಂಬರ್ ಎರಡನೇ ವಾರದೊಳಗೆ. ಇದೊಂದು ಮುಗಿಸಿದರೆ ಇಡೀ ಮಳಿಗೆ ನಮ್ಮದೇ.

ಅತ್ತೆ ಆಸ್ಪತ್ರೆಗೆ ಹೋಗಿದ್ದರು, ನನ್ನ ಪುಣ್ಯ. ಆದರೂ ಮನೆಯ ಕ್ರಮ ಅಂತ ಬಾಯಿಮಾತಿಗೆ ಹೇಳಿದೆ: ಹೊಸ ಹತ್ತಿ ಹಾಕುತ್ತೇವೆ, ಮೂಲೆ ಬಿಟ್ಟಿರುತ್ತೇವೆ, ಬಂದು ಕೈ ಹಾಕಿ ನೋಡಬೇಕು.

"ಅಯ್ಯೋ, ಮೂಲೆ ಗೀಲೆ ಏನೂ ಬೇಡ," ಅಂದ ಸೆಂಟಿನವನು. "ನನಗೆ ಅಷ್ಟೊಂದು ಪುರಸೊತ್ತಿಲ್ಲ. ಹೊಲಿದು ಕಳಿಸಿಬಿಡಿ. ಮೇಲಿಂದ ನೋಡೋಕೆ ಚೆನ್ನಾಗಿದ್ದರೆ ಆಯ್ತು."

ಇಂಥವರನ್ನು ಕಂಡರೆ ನನಗೆ ನಗು. ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವ ಜನ, ಬೇರೆಯವರಿಗೆ ಕೊಳ್ಳುವಾಗ ಕುರುಡರಾಗುತ್ತಾರೆ. ನಗುತ್ತಲೇ ಒಪ್ಪಿಕೊಂಡು ಅವನು ಕೊಟ್ಟ ಮುಂಗಡವನ್ನು ಪೆಟ್ಟಿಗೆಗೆ ಹಾಕಿದೆ.

ಅಕ್ಟೋಬರ್ 25

ಗೋದಾಮಿನ ಮೇಲಿನ ಬಾಡಿಗೆಯವರು ನೀರಿನ ಪಂಪು ಹಾಕಿ ಮರೆತು ಎಲ್ಲೋ ಹೋಗಿದ್ದಾರೆ. ತೊಟ್ಟಿ ತುಂಬಿ, ಗೋಡೆಯಲ್ಲಿ ಇಳಿದು, ನಮ್ಮ ಗೋದಾಮಿನ ನೆಲವೆಲ್ಲ ನೀರು. ಮೇಲಿನ ಮೂಟೆಗಳು ನೆನೆದಿಲ್ಲ. ತಿಂಗಳ ಹಿಂದೆ ತರಿಸಿ ಕೆಳಗಿಟ್ಟಿದ್ದ, ಆರ್ಡರಿಗೆ ಅಂತ ನಂಬಿಕೊಂಡಿದ್ದ ಹೊಸ ಹತ್ತಿ ಪೂರ್ತಿ ನೆನೆದು ಕೂತಿದೆ. ಗೋಡೆಯಲ್ಲಿ ಎಷ್ಟು ದಿನದಿಂದ ಜಿನುಗುತ್ತಿತ್ತೋ, ಒಂದು ಮೂಟೆ ಬಿಚ್ಚಿದರೆ ಒಳಗೆ ಕಪ್ಪು ಬೂಷ್ಟು.

ಅತ್ತೆ ಒಂದು ಹಿಡಿ ಎತ್ತಿ ಮೂಸಿದರು. "ಇದು ಹೋಯ್ತು. ಎದೆಗೆ ಹೋದರೆ ಉಬ್ಬಸ ಬರುತ್ತೆ. ಸುಟ್ಟುಬಿಡು" ಅಂದು, ಬುರುಖಾ ಹಾಕಿಕೊಂಡು, ಮಗನ ಹತ್ತಿರ ಇರಲು ಆಸ್ಪತ್ರೆಗೆ ಹೊರಟೇ ಬಿಟ್ಟರು. ಸುಡುವುದು ಎಷ್ಟು ಸುಲಭ! ಕಡ್ಡಿ ಗೀರಿದರೆ ಆಯಿತು. ಮಳಿಗೆಯೂ ಅದರ ಜೊತೆಯೇ ಸುಟ್ಟುಹೋಗುತ್ತೆ ಅನ್ನುವುದು ಅವರಿಗೆ ತಿಳಿಯುವುದಿಲ್ಲ. ತಿಳಿಯದವರು ಧರ್ಮಾತ್ಮರಾಗುವುದೇನು ಕಷ್ಟ?

ಅಕ್ಟೋಬರ್ 28

ಮಾಳಿಗೆಯ ಮೇಲೆ ಹರಡಿ ಒಣಗಿಸಿದೆ. ಬಿಸಿಲಿಗೆ ಅರ್ಧ ವಾಸನೆ ಹೋಯಿತು. ಮೇಲೆ ಕೆಳಗೆ ಒಳ್ಳೆಯ ಹತ್ತಿ, ನಡುವೆ ಇದು. ಯಾರಿಗೆ ಏನು ಗೊತ್ತಾಗುತ್ತೆ?

ಹತ್ತಿ ಹಿಂಜುವವನು ಬಹಳ ವರ್ಷದ ಆಳು. ಮೂಗಿಗೆ ಬಟ್ಟೆ ಬಿಗಿದುಕೊಂಡು ಯಂತ್ರದ ಮುಂದೆ ನಿಂತವನು, "ಅಮ್ಮನವರಿಗೆ ಗೊತ್ತಾ ಅಕ್ಕ?" ಅಂದ.

"ನಿನಗೆ ಕೆಲಸ ಕೊಡೋಳು ಈಗ ನಾನು" ಅಂದೆ.

ಅವನು ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಕಟ್ಟಿಕೊಂಡ. ನಾಟಕ.

ಅಕ್ಟೋಬರ್ 30

ಕೆಮ್ಮು. ಧೂಳಿರಬೇಕು.

ನವೆಂಬರ್ 3

ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಹೊಲಿಗೆ ಎಲ್ಲ ನನ್ನದೇ. ನಾಲ್ಕೂ ಮೂಲೆ ಹೊಲಿದು ಗಂಟು ಹಾಕುತ್ತೇನೆ. ನಾಲ್ಕನೇ ಮೂಲೆಗೆ ಬಂದಾಗ ಕೈ ಕೊಂಚ ತಡವರಿಸುತ್ತೆ. ಅಭ್ಯಾಸ ತಪ್ಪಿದೆ, ಅಷ್ಟೆ.

ರಾಶಿ ನೋಡಲು ಚೆಂದವಾಗಿದೆ. ನಗುಮುಖ ತನ್ನ ಬಾಗಿಲಿನಿಂದ ಕತ್ತು ಉದ್ದ ಮಾಡಿ ನೋಡಿದ. ಈ ಸಲ ಹಲ್ಲು ಕಾಣಲಿಲ್ಲ.

ನವೆಂಬರ್ 9, ಭಾನುವಾರ

ಇವತ್ತಿನದನ್ನು ಬರೆಯಬಾರದು ಅಂದುಕೊಂಡಿದ್ದೆ.

ಗಂಡನನ್ನು ಮನೆಗೆ ಕಳಿಸಿದರು. ನಮ್ಮ ಮನೆ ಅಂಗಡಿಯ ಮೇಲಿದೆ, ಮೆಟ್ಟಿಲು ಹತ್ತಬಾರದು ಅಂದಿದ್ದಾರೆ ಡಾಕ್ಟರು. ಅದಕ್ಕೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿಸುವುದು ಅಂತ ಅತ್ತೆ ತೀರ್ಮಾನಿಸಿದರು. ಕಾರಿನಿಂದ ಇಳಿದು ಎರಡು ಹೆಜ್ಜೆ ಇಡುವುದರೊಳಗೆ ಅವರ ಮುಖ ಸುಣ್ಣ ಬಳಿದ ಹಾಗಾಯಿತು. ಹಿಂಜುವವನ ಹೆಗಲು ಹಿಡಿದು ನಿಂತರು. ಆದರೂ ರಾಶಿ ನೋಡಿ ನಕ್ಕರು. "ಅಬ್ಬಾ, ಇಷ್ಟೂ ನೀನೇ ಮಾಡಿದೆಯೇನೇ?"

"ಹೊಗಳೋದು ಆಮೇಲೆ," ಅಂದರು ಅತ್ತೆ. "ಅದರಲ್ಲಿ ಒಂದು ಎಳೆದು ಹಾಸು ಮಗಳೇ, ಮೊದಲು ಮಲಗಲಿ."

"ಅದು ಬೇಡ."

"ಯಾಕೆ?"

"ಆರ್ಡರಿನದು. ಕೊಳೆಯಾಗುತ್ತೆ."

"ಆದರೆ ಇನ್ನೊಂದು ಮಾಡಿದರಾಯ್ತು. ಅವನು ನಿಂತಿದ್ದಾನೆ ನೋಡು."

ನಾನು ಕದಲಲಿಲ್ಲ. ನನ್ನ ಕಾಲಿಗೆ ಏನಾಗಿತ್ತೋ. ಹಿಂಜುವವನೂ ತಲೆ ತಗ್ಗಿಸಿ ನೆಲ ನೋಡಿದ. ಅತ್ತೆಗೆ ರೇಗಿತು. ತಾವೇ ಹೋಗಿ ಮೇಲಿನ ಹಾಸಿಗೆಯನ್ನು ಧೊಪ್ಪನೆ ನೆಲಕ್ಕೆ ಎಳೆದು ಹಾಕಿದರು. ಗಂಡ ಗೋಡೆ ಹಿಡಿದುಕೊಂಡು ಅದರ ಮೇಲೆ ಕೂರಲು ಬಗ್ಗಿದರು.

"ಅದರ ಮೇಲೆ ಮಲಗಬೇಡಿ!"

ಕಿರುಚಿದ್ದು ನಾನೇ. ಬೀದಿಗೆ ಕೇಳಿಸಿರಬೇಕು.

ಅತ್ತೆ ನೆಲದ ಮೇಲೆ ಕೂತು ಹಾಸಿಗೆಯ ಅಂಚು ಹಿಡಿದು ಬೆರಳಾಡಿಸಿದರು. ಒಂದು ಮೂಲೆ, ಇನ್ನೊಂದು, ಮತ್ತೊಂದು, ಕೊನೆಯದು. ಎಲ್ಲ ಹೊಲಿದಿತ್ತು. ಕೊನೆಯ ಮೂಲೆಯ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಬಗ್ಗಿ ಮೂಸಿದರು.

"ಹೊಲಿಗೆ ಚೆನ್ನಾಗಿ ಹಾಕಿದ್ದೀಯ" ಅಂದರು.

ಅಷ್ಟೇ ಅಂದದ್ದು. ಮೇಲೆ ಹೋಗಿ ತಮ್ಮ ಹಾಸಿಗೆಯನ್ನು ಸುತ್ತಿ ಹಿಂಜುವವನ ಕೈಯಲ್ಲಿ ಇಳಿಸಿ, ಮಗನಿಗೆ ಹಾಸಿಕೊಟ್ಟರು. ತಾವು ಚಾಪೆ ಹಾಕಿಕೊಂಡಿದ್ದಾರೆ. ಈ ವಯಸ್ಸಿನಲ್ಲಿ ಚಾಪೆ! ನನ್ನನ್ನು ಬೈಯಬೇಕಿತ್ತು. ಜಗಳ ಆಡಿದ್ದರೆ ನಾನೂ ನಾಲ್ಕು ಮಾತು ಹೇಳಿ ಮುಗಿಸುತ್ತಿದ್ದೆ. ಬೈಯಲೂ ಬರದ ಹೆಂಗಸಿನ ಜೊತೆ ಬಾಳುವುದು ಹೇಗೆ?

ನವೆಂಬರ್ 10

ಗಂಡ ಕೇಳಿದರು, ಹೇಳಿದೆ. ಮಳಿಗೆಯ ವಿಷಯವನ್ನೂ ಹೇಳಿದೆ. ಚಾವಣಿ ನೋಡುತ್ತ ಕೇಳಿಸಿಕೊಂಡರು. "ಅಷ್ಟನ್ನೂ ಒಬ್ಬಳೇ ಹೊತ್ತುಕೊಂಡು ತಿರುಗಿದೆಯಾ?" ಅಂದರು. ಇವರದ್ದೂ ಅದೇ ರಕ್ತ. ಬೈಯುವುದು ಇವರಿಗೂ ಬರುವುದಿಲ್ಲ.

ಎಲ್ಲವನ್ನೂ ಮತ್ತೆ ತುಂಬಲು ಸಾಲುವಷ್ಟು ಒಳ್ಳೆಯ ಹತ್ತಿ ಇಲ್ಲ, ತರಿಸಲು ಹೊತ್ತೂ ಇಲ್ಲ. "ಹೋಗಿ ಅವನಿಗೆ ಇದ್ದದ್ದು ಹೇಳಿ ಬಾ," ಅಂದರು ಅತ್ತೆ. "ನಿನಗೆ ಮಾತು ಬರುತ್ತೆ."

ಹೋಗುತ್ತೇನೆ. ಇವರಿಬ್ಬರ ಮೌನದಿಂದ ತಪ್ಪಿಸಿಕೊಂಡರೆ ಸಾಕಾಗಿದೆ.

ನವೆಂಬರ್ 11

ಸೆಂಟಿನವನು ಕುರ್ಚಿ ಕೊಟ್ಟ, ಚಹಾ ತರಿಸಿದ. ಹೇಳಿದೆ: ಹತ್ತಿ ನೆನೆದಿತ್ತು, ಬೂಷ್ಟು ಹಿಡಿದಿತ್ತು, ಮಳಿಗೆ ಕೈತಪ್ಪುತ್ತೆ ಅಂತ ಅದನ್ನೇ ಒಳಗೆ ತುಂಬಿದ್ದೇನೆ. ಇವನು ಕೂಗಾಡುತ್ತಾನೆ, ಮುಗಿಯಿತು, ಎದ್ದು ಹೋಗುವುದು ಅಂತ ಕಾದೆ.

ಕೂಗಾಡಲಿಲ್ಲ. ಟೇಬಲ್ಲಿನ ಮೇಲೆ ಬಗ್ಗಿ ದನಿ ತಗ್ಗಿಸಿದ. "ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಂಡಿರಿ? ನೀವು ರೇಟಿನಲ್ಲಿ ಸ್ವಲ್ಪ ಬಿಟ್ಟು ಕೊಡಿ, ಅದನ್ನ ನಾನು ಇಟ್ಟುಕೊಳ್ತೀನಿ. ಬಿಲ್ಲು ಹಳೇ ರೇಟಿಗೇ ಇರಲಿ. ನಿಮ್ಮ ಮಳಿಗೆಯೂ ಉಳಿಯುತ್ತೆ."

ನಾಳೆಯೇ ಲಾರಿ ಕಳಿಸುತ್ತಾನಂತೆ. ಮಂಚಗಳ ಅಳತೆ ಇನ್ನೊಮ್ಮೆ ನೋಡಿಕೊಂಡು ಹೋಗಿ ಅಂತ ಒಳಗೆ ಕರೆದುಕೊಂಡು ಹೋದ. ಉದ್ದನೆಯ ಕೋಣೆ, ಕಬ್ಬಿಣದ ಮಂಚ, ಹಗ್ಗದ ಮೇಲೆ ಟವೆಲುಗಳು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ರಾತ್ರಿಪಾಳಿ ಮುಗಿಸಿ ಬಂದ ಒಬ್ಬಳು ಮಾತ್ರ ಮಂಚದ ಬರೀ ಪಟ್ಟಿಯ ಮೇಲೆ ಶಾಲು ಮಡಚಿ ಹಾಕಿಕೊಂಡು ಮಲಗಿದ್ದಳು. ಕಾಲಿಗೆ ಚಪ್ಪಲಿ ಹಾಗೇ ಇತ್ತು, ಬಿಚ್ಚಲೂ ತ್ರಾಣ ಇರಲಿಲ್ಲವೋ ಏನೋ. ಕೆನ್ನೆಯ ಮೇಲೆ ಕಬ್ಬಿಣದ ಪಟ್ಟಿಯ ಗುರುತು.

"ಬರ್ತಾರೆ, ಬೀಳ್ತಾರೆ, ಎದ್ದು ಹೋಗ್ತಾರೆ," ಅಂದ ಸೆಂಟಿನವನು. "ಇವರಿಗೇನು ಗೊತ್ತಾಗುತ್ತೆ?"

ಆ ಸೆಂಟಿಗೆ ನನ್ನ ತಲೆ ಸಿಡಿಯುತ್ತಿತ್ತು. ಅದೇ ಕಾರಣ, ಬೇರೆ ಏನೂ ಅಲ್ಲ.

"ಇವಳನ್ನ ಎಬ್ಬಿಸಿ" ಅಂದೆ.

"ಏನು?"

"ಎಬ್ಬಿಸಿ ಕೇಳಿ. ಇದರೊಳಗೆ ಬೂಷ್ಟು ಇದೆ, ಮಲಗಿದರೆ ಕೆಮ್ಮು ಬರುತ್ತೆ, ಮಲಗ್ತೀಯಾ ತಾಯಿ ಅಂತ ಕೇಳಿ. ಹೂಂ ಅಂದರೆ ನಾಳೆ ಲಾರಿ ಕಳಿಸಿ."

"ನಿಮಗೆ ತಲೆ ಸರಿ ಇದೆಯಾ? ಕೊಳ್ಳೋನು ನಾನು!"

"ನಿಮ್ಮ ಮನೆಗೆ ಒಂದು ಕಳಿಸ್ತೀನಿ, ನೀವು ಮಲಗಿ. ಬೆಳಿಗ್ಗೆ ಎದ್ದು ಮಾತಾಡೋಣ."

ಅವನ ಮುಖ ನೋಡಬೇಕಿತ್ತು. ಮುಂಗಡ ವಾಪಸು ಅಂದ. ತಂದಿದ್ದೆ, ಟೇಬಲ್ಲಿನ ಮೇಲೆ ಇಟ್ಟು ಬಂದೆ. ಬಾಗಿಲು ದಾಟುವಾಗಲೇ ಅವನು ಫೋನಿನಲ್ಲಿ ನಗುಮುಖನ ಅಂಗಡಿಯ ಹೆಸರು ಹೇಳುತ್ತಿದ್ದದ್ದು ಕೇಳಿಸಿತು. ಸರಿಯಾದ ಜೋಡಿ.

ನವೆಂಬರ್ 12

ನಡೆದದ್ದನ್ನು ಅತ್ತೆಗೆ ಹೇಳಿದೆ. ಅವರು ಹಾಸಿಗೆಗಳ ಕಡೆ ನೋಡಿ, ಮಗನ ಕಡೆ ನೋಡಿ, ಬಹಳ ಸಣ್ಣ ದನಿಯಲ್ಲಿ ಅಂದರು: "ನೀನು ಮುಚ್ಚಿಡದೆ ಹೇಳಿದೆ. ಅವನು ಗೊತ್ತಿದ್ದೂ ಒಪ್ಪಿದ. ಕೊಟ್ಟಿದ್ದರೂ ನಮ್ಮ ಮೇಲೆ ಬರ್ತಿರಲಿಲ್ಲವೇನೋ ಮಗಳೇ. ಮಳಿಗೆ ಉಳೀತಿತ್ತು."

ನೋಡಿ ಇವರನ್ನು! ಇಷ್ಟು ದಿನ ಮೂಲೆ ಮೂಲೆ ಅಂತ ಪ್ರಾಣ ತಿಂದವರು, ಮಗ ಗೋಡೆ ಹಿಡಿದು ನಡೆಯುವುದನ್ನು ಕಂಡ ಕೂಡಲೇ ಮೆತ್ತಗಾದರು. ನನಗೆ ರೇಗಿಹೋಯಿತು.

"ಅವನು ಯಾವ ಸೀಮೆ ಗಿರಾಕಿ ಅತ್ತೆ? ದುಡ್ಡು ಕಾರ್ಖಾನೆಯದು, ಮೈ ಆ ಹುಡುಗಿಯದು. ಮಲಗೋಳು ಕೈ ಹಾಕಿ ನೋಡಬೇಕು. ಇವನು ಕೈ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಇಷ್ಟು ವರ್ಷ ಅಂಗಡೀಲಿ ಕೂತು ಇಷ್ಟೂ ಗೊತ್ತಾಗಲಿಲ್ವಾ ನಿಮಗೆ?"

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಯಾಕೋ ಗೊತ್ತಿಲ್ಲ. ನಾನು ಕತ್ತರಿ ತೆಗೆದುಕೊಂಡು ನನ್ನ ಹೊಲಿಗೆ ಬಿಚ್ಚಲು ಕೂತೆ. ಎಷ್ಟು ಬಿಗಿಯಾಗಿ ಹಾಕಿದ್ದೇನೆ ಅಂದರೆ ಬೆರಳಿಗೆ ಬೊಬ್ಬೆ ಬಂತು. ಬೂಷ್ಟು ಹಿಡಿದದ್ದನ್ನೆಲ್ಲ ಹಿಂಜುವವನೂ ನಾನೂ ಬಯಲಿಗೆ ಹೊತ್ತು ಹಾಕಿ ಸುಟ್ಟೆವು. ಗಬ್ಬು ಹೊಗೆ.

ನವೆಂಬರ್ 30

ಮುಂಭಾಗ ಬಿಟ್ಟುಕೊಟ್ಟು ವಾರವಾಯಿತು. ನಗುಮುಖ ಅವತ್ತೇ ತನ್ನ ಫೋಟೋದ ಬೋರ್ಡು ಏರಿಸಿದ. "ನಾವೆಲ್ಲ ಒಂದೇ ದೀನಿನವರು, ಒಂದೇ ಧರ್ಮದವರು ತಂಗಿ, ಏನಾದರೂ ಬೇಕಿದ್ದರೆ ಸಂಕೋಚ ಬೇಡ" ಅಂದ.

"ನಿಮ್ಮ ಹಾಸಿಗೆಗೊಂದು ಮೂಲೆ ಬಿಡಿ ಭಾಯಿ, ಕೈ ಹಾಕಿ ನೋಡೋಣ, ಒಂದೇ ದೀನೋ ಅಲ್ಲವೋ ಗೊತ್ತಾಗುತ್ತೆ" ಅಂದೆ. ಹಲ್ಲು ಮುಚ್ಚಿಕೊಂಡ.

ಈಗ ನಾವು ಓಣಿಯವರು. ಗಂಡ ಒಂದು ಕಡೆ ಮಲಗಿದ್ದಾರೆ, ಯಂತ್ರ ಒಂದು ಕಡೆ, ನಡುವೆ ನಾವು. ವಾರದಲ್ಲಿ ಬಂದವರು ಇಬ್ಬರು. ಅವರಲ್ಲಿ ಒಬ್ಬಳು ದಾರಿ ಕೇಳಲು ಬಂದವಳು. ಇನ್ನೊಬ್ಬಳಿಗೆ ಒಂದು ದಿಂಬು ಬೇಕಿತ್ತು. ಅದರಲ್ಲಿ ಹಳೇ ಹತ್ತಿ ಎಷ್ಟು ಅಂತ ಹೇಳಿದೆ. ಮತ್ತೆ ಬಂದು ಜಗಳ ತೆಗೆಯದಿರಲಿ ಅಂತ. ತೆಗೆದುಕೊಂಡು ಹೋದಳು.

ಡಿಸೆಂಬರ್ 4

ಮುದುಕಿ ಇನ್ನೂ ಚಾಪೆಯ ಮೇಲೆಯೇ. ಬೆಳಿಗ್ಗೆ ಏಳುವಾಗ ಮೂಳೆ ಲಟಲಟ ಅನ್ನುವುದು ನನ್ನ ಕಿವಿಗೆ ಬೀಳುತ್ತೆ. ನಿದ್ದೆ ಹಾಳು. ಅದಕ್ಕೇ ಒಂದು ಹಾಸಿಗೆ ಮಾಡಿದೆ. ನೆನೆಯದೆ ಉಳಿದಿದ್ದ ಮೂಟೆಯಿಂದ ಒಳ್ಳೆಯ ಹತ್ತಿ, ನಾನೇ ಹಿಂಜಿ, ನಾನೇ ತುಂಬಿ. ಮೂರು ಮೂಲೆ ಹೊಲಿದು ಅವರ ಮುಂದೆ ಹಾಕಿದೆ.

"ಕೈ ಹಾಕಿ ನೋಡಿ."

"ನೀನು ತುಂಬಿದ್ದಲ್ವಾ," ಅಂದರು ಅತ್ತೆ, ಗವುಸು ಸವರುತ್ತ. "ಹೊಲಿದುಬಿಡು ಮಗಳೇ. ನೋಡೋದೇನಿದೆ."

ಎಷ್ಟು ಸಿಟ್ಟು ಬಂತು ನನಗೆ! ಊರಿಗೆಲ್ಲ ತೋರಿಸುವವರು, ನನ್ನದನ್ನು ಮಾತ್ರ ನೋಡುವುದಿಲ್ಲವಂತೆ. "ಕೈ ಹಾಕಿ ಅಂದೆ. ನೋಡದೇ ನಾನು ಹೊಲಿಯಲ್ಲ. ನಮ್ಮ ಅಂಗಡೀಲಿ ಹಾಗೆ ಮಾಡೋ ಕ್ರಮ ಇಲ್ಲ."

ಗಂಡ ಹಾಸಿಗೆಯಿಂದಲೇ ಕತ್ತು ತಿರುಗಿಸಿ ನೋಡಿದರು. ಅತ್ತೆ ಬಳೆ ಮೇಲಕ್ಕೆ ಸರಿಸಿ, ಮೊಣಕೈವರೆಗೂ ಕೈ ಇಳಿಸಿ, ಬಹಳ ಹೊತ್ತು ಒಳಗೇ ತಡಕಾಡಿದರು. ತಳದಿಂದ ಒಂದು ಚಿಟಿಕೆ ಎಳೆದು ಬೆಳಕಿಗೆ ಹಿಡಿದರು. ಆ ಮಂಜುಗಣ್ಣಿಗೆ ಏನು ಕಂಡಿತೋ.

"ಹೊಲಿ" ಅಂದರು.

ಅವರ ಎದುರಿಗೇ ಹೊಲಿದೆ. ಕೊನೆಯ ಗಂಟು ಹಾಕುವಾಗ ದಬ್ಬಳ ಬೆರಳಿಗೆ ಚುಚ್ಚಿತು, ಕಣ್ಣಲ್ಲಿ ನೀರು ಬಂತು. ದಬ್ಬಳ ಚುಚ್ಚಿದರೆ ಯಾರಿಗಾದರೂ ಬರುತ್ತೆ.